ಕುದುರೆಯ ಹಿಂಗಾಲೂ ತಟ್ಟೆಯೊಳಗಿನ ಸಿಪಾಯಿಯೂ

ಒಂದಾನೊಂದು ಊರಿನಲ್ಲಿ, ಆ ಊರು ಈಗ ಅಲ್ಲಿಲ್ಲ, ಬಿಸಿಲು ಜಾಸ್ತಿಯಾಯಿತೆಂದು ಸ್ವಲ್ಪ ಪಕ್ಕಕ್ಕೆ ಸರಿದು ಕೂತಿದೆ, ಚಿಕ್ಕತಾಯಮ್ಮ ಅಂತ ಒಬ್ಬಳು ಮುದುಕಿ ಇದ್ದಳು. ಅವಳಿಗೆ ಒಂದು ಒಲೆ, ಒಂದು ಬೇಳೆ ಮಡಕೆ, ಒಂದು ಕೋಳಿ ಇದ್ದವು. ಒಂದು ದಿನ ಸಂತೆಗೆ ಹೋಗಿ ಕೋಳಿ ಕೊಟ್ಟು ಕತೆ ತಟ್ಟೆ ತಂದಳು. ಆಮೇಲೆ ಅವಳಿಗೆ ಒಂದು ಒಲೆ, ಒಂದು ಬೇಳೆ ಮಡಕೆ, ಒಂದು ತಟ್ಟೆ ಇದ್ದವು.

ಕತೆ ತಟ್ಟೆ ಅಂದರೆ ನಮ್ಮ ನಿಮ್ಮ ಊಟದ ತಟ್ಟೆಯಷ್ಟೇ ದೊಡ್ಡದು. ಗೋಡೆಗೆ ಒರಗಿಸಿ ಸೆರಗಿನಿಂದ ಒರೆಸಿದರೆ ಅದರೊಳಗೆ ನಾಟಕ ಶುರುವಾಗುತ್ತದೆ. ಚಿಕ್ಕತಾಯಮ್ಮ ಕೊಂಡ ತಟ್ಟೆಯಲ್ಲಿದ್ದದ್ದು ಅವಳ ಊರಿನದೇ ನಾಟಕ. ಎಷ್ಟೋ ವರ್ಷದ ಹಿಂದೆ ಯಾರೋ ಬಂದು ಅದನ್ನು ತಟ್ಟೆಗೆ ತುಂಬಿಕೊಂಡು ಹೋಗಿದ್ದರು. ಅದರಲ್ಲಿ ಅವಳ ಗಂಡ ಜವರಯ್ಯ ಪಾತ್ರ ಮಾಡಿದ್ದ. ಏನು ಪಾತ್ರ? ಇಬ್ಬರು ಹೊಕ್ಕು ಕುಣಿಯುವ ಬಟ್ಟೆ ಕುದುರೆಯ ಹಿಂಗಾಲು.

ನಗಬೇಡಿ. ಹಿಂಗಾಲಿಲ್ಲದ ಕುದುರೆಯ ಮೇಲೆ ನೀವು ಕೂತು ನೋಡಿ, ಆಮೇಲೆ ನಗುವಿರಂತೆ.

ನಾಟಕದ ದಿನ ಚಿಕ್ಕತಾಯಮ್ಮ ರಂಗದ ಹಿಂದೆ ಕಲಾವಿದರಿಗೆ ಹುಳಿ ಕುದಿಸುತ್ತಾ ಕೂತಿದ್ದಳು. ಏನೂ ನೋಡಲಿಲ್ಲ. ಮನೆಗೆ ಬಂದ ಜವರಯ್ಯ, "ನೋಡಿದ್ಯಾ?" ಅಂದ. ಅವನ ಮುಖ ನೋಡಿ ಇವಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೋಡಿದೆ, ಚೆನ್ನಾಗಿತ್ತು ಅಂದುಬಿಟ್ಟಳು. ಅವನು ಆ ಮಾತನ್ನು ಸಾಯುವತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ, ನನ್ನ ಹೆಂಡತಿ ನನ್ನ ಹಿಂಗಾಲು ನೋಡಿ ಮೆಚ್ಚಿದಳು ಅಂತ. ಈಗ ಅವನಿಲ್ಲ. ಸುಳ್ಳು ಮಾತ್ರ ಅವಳ ಎದೆಯಲ್ಲಿ ಉಳಿದಿತ್ತು. ಅದನ್ನು ನಿಜ ಮಾಡಿಯೇ ಕಣ್ಣು ಮುಚ್ಚಬೇಕು ಅಂತ ಅವಳ ಆಸೆ. ಅದಕ್ಕೇ ಮೊಟ್ಟೆ ಇಡುವ ಕೋಳಿಯನ್ನು ಕೊಟ್ಟಿದ್ದು.

ಬೇಳೆಯನ್ನು ಒಲೆಯ ಮೇಲಿಟ್ಟು ತಟ್ಟೆ ಒರೆಸಿದಳು. ಕುದುರೆ ಬರಲಿಲ್ಲ. ಕೋಲು ಹಿಡಿದ ಸಿಪಾಯಿ ಬಂದ.

"ಎಚ್ಚರಿಕೆ," ಅಂದ ಸಿಪಾಯಿ. "ಈ ತಟ್ಟೆಯನ್ನು ಕದ್ದವರು, ಕದಿಯಲು ಯೋಚಿಸಿದವರು, ಕದ್ದವರ ಎತ್ತಿಗೆ ಹುಲ್ಲು ಹಾಕಿದವರು, ಆ ಹುಲ್ಲು ಬೆಳೆದ ಹೊಲದ ಪಕ್ಕ ನಡೆದು ಹೋದವರು..."

ನಾನು ಕದ್ದಿಲ್ಲಪ್ಪ, ಕೋಳಿ ಕೊಟ್ಟಿದ್ದೀನಿ ಅಂದಳು ಮುದುಕಿ. ನಡುವೆ ಮಾತಾಡಿದರೆ ಮೊದಲಿಂದ ಹೇಳಬೇಕೆಂದು ತನಗೆ ಅಪ್ಪಣೆಯಾಗಿದೆ ಎಂದು ಸಿಪಾಯಿ ಮೊದಲಿಂದ ಹೇಳಿದ. ಅವಳು ನಿಟ್ಟುಸಿರು ಬಿಟ್ಟಳು. ನಿಟ್ಟುಸಿರಿಗೂ ಮೊದಲಿಂದ ಹೇಳಿದ. ಅವನು ಮುಗಿಸಿದ ಮೇಲೆ ಹಲ್ಲುಪುಡಿ ಮಾರುವ ಹೆಂಗಸು ಬಂದು ಹಲ್ಲಿಲ್ಲದ ಮುದುಕಿಗೆ ಹಲ್ಲುಪುಡಿಯ ಗುಣಗಾನ ಮಾಡಿದಳು. ತಲೆಗೆಣ್ಣೆಯವನು ಬಂದ. ಕೊನೆಗೆ ಇನ್ನೊಬ್ಬ ಬಂದು, ಇಂಥ ಒಳ್ಳೆಯ ತಟ್ಟೆ ಇದೆ, ಬೇಗ ಕೊಂಡುಕೊಳ್ಳಿ ಅಂತ ಅದೇ ತಟ್ಟೆಯನ್ನು ತೋರಿಸಿದ. ಅಷ್ಟರಲ್ಲಿ ಬೇಳೆ ಉಕ್ಕಿತು. ಮುದುಕಿ ಎದ್ದು ಓಡಿದಳು. ತಿರುಗಿ ಬಂದರೆ ಮತ್ತೆ ಸಿಪಾಯಿ. ಎದ್ದು ಹೋದವರಿಗೂ ಮೊದಲಿಂದಲೇ.

ಬೇಳೆ ಇಡದೆ ನೋಡಬಹುದಿತ್ತಲ್ಲ ಅಂತ ಅಲ್ಲಿ ಹಿಂದೆ ಕೂತವರು ಕೇಳುತ್ತಿದ್ದೀರಿ. ಬೇಳೆ ಇಡದ ದಿನ ಪಕ್ಕದ ಮನೆಯ ಆಡು ಒಳಗೆ ನುಗ್ಗುತ್ತಿತ್ತು. ಆಡು ಬರದ ದಿನ ಆಡಿನವಳು ಬರುತ್ತಿದ್ದಳು. ಸುಮ್ಮನೆ ಕೇಳಿ.

ಒಂದು ಮಧ್ಯಾಹ್ನ ಸಿಪಾಯಿ "ಈ ತಟ್ಟೆಯನ್ನು ಕದ್ದವರು" ಅನ್ನುತ್ತಿದ್ದ. ಮುದುಕಿ ಬೇಳೆ ಇಳಿಸಲು ಹೋಗಿದ್ದಳು. ಊರಿನ ಕಳ್ಳ ಗೂಳಪ್ಪ ಬಾಗಿಲಲ್ಲಿ ಬಂದು ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಸಿಪಾಯಿ ಆ ಕ್ಷಣಕ್ಕೆ ಬಾಯಿ ಮುಚ್ಚಿದ. ಕೊಂಡವರಿಗೆ ಹೇಳು ಅಂತ ಅವನಿಗೆ ಅಪ್ಪಣೆ. ಗೂಳಪ್ಪ ಕೊಂಡಿರಲಿಲ್ಲ.

ಮುದುಕಿ ಹುಡುಕಿಕೊಂಡು ಗೂಳಪ್ಪನ ಮನೆಗೆ ಹೋದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಟ್ಟೆ ಒರೆಸಿದೊಡನೆ ಕುದುರೆ ಬಂತಂತೆ. ಮುಂಗಾಲು ಪೂರ್ವಕ್ಕೆ ಹೋದರೆ ಹಿಂಗಾಲು ಪಶ್ಚಿಮಕ್ಕೆ ಹೋಗುತ್ತದಂತೆ.

"ಕೊನೇಲಿ ಬಟ್ಟೆ ಎತ್ಕೊಂಡು ಹಿಂಗಾಲಿನೋನು ಮೊಖ ಆಚೆ ಹಾಕ್ತಾನೆ ಕಣವ್ವ," ಅಂದ ಗೂಳಪ್ಪ. "ಜನದಾಗೆ ಯಾರನ್ನೋ ಹುಡುಕ್ತಾನೆ. ಪಾಪ, ಸಿಕ್ಕಂಗಿಲ್ಲ."

ಚಿಕ್ಕತಾಯಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಹುಡುಕುತ್ತಿದ್ದದ್ದು ಯಾರನ್ನು ಅಂತ ಅವಳಿಗೆ ಗೊತ್ತಿತ್ತು. ತನಗೂ ತೋರಿಸು ಅಂದಳು. ಗೂಳಪ್ಪ ಒಳ್ಳೆಯವನು, ಒರೆಸಿದ. ಆದರೆ ಅವಳ ಮುಖ ಕಂಡದ್ದೇ ಸಿಪಾಯಿ ಎದ್ದು ನಿಂತ. ಕೊಂಡವಳು ಬಂದಳು, ಎಚ್ಚರಿಕೆ ಅಂದ.

ಗೂಳಪ್ಪ ತಲೆ ಕೆರೆದುಕೊಂಡು ಯೋಚಿಸಿದ. ಕದ್ದ ಮಾಲಿಗೆ ಎಚ್ಚರಿಕೆ ಇಲ್ಲ. ಹಾಗಾದರೆ ಮುದುಕಿಯನ್ನೂ ಕದ್ದುಬಿಟ್ಟರೆ ಆಯಿತು. ಅವಳನ್ನು ಮನೆಗೆ ಕಳಿಸಿ, ಹಿಂದೆಯೇ ಹೋಗಿ, ಗೋಣಿಚೀಲಕ್ಕೆ ತುಂಬಿ ಹೊತ್ತುಕೊಂಡು ಬಂದ. ಸಿಪಾಯಿ ತಲೆ ಎತ್ತಲಿಲ್ಲ. ಕುದುರೆ ಬಂತು. ಚೀಲದೊಳಗಿನ ಮುದುಕಿಗೆ ಗೆಜ್ಜೆ ಸದ್ದು ಕೇಳಿಸಿತು. ಆದರೆ ಚೀಲದೊಳಗಿಂದ ಏನು ಕಾಣುತ್ತದೆ? ಒಂದು ತೂತು ಮಾಡಪ್ಪ ಅಂದಳು. ಅವನು ಮಾಡಿದ. ತೂತಿನಲ್ಲಿ ಅವಳ ಕಣ್ಣು ಕಂಡದ್ದೇ ಸಿಪಾಯಿ, ಇದು ಕೊಂಡವಳ ಕಣ್ಣು ಅಂತ ಗುರುತು ಹಿಡಿದು ಮೊದಲಿಂದ ಶುರು ಮಾಡಿದ.

ಮುದುಕಿಗೆ ಕಾಣಲಿಲ್ಲವಾದರೂ ಸುದ್ದಿ ಊರಿಗೆಲ್ಲ ಹಬ್ಬಿತು. ಎಲ್ಲರ ತಟ್ಟೆಯಲ್ಲೂ ಒಬ್ಬೊಬ್ಬ ಸಿಪಾಯಿ ಇದ್ದ. ತಟ್ಟೆ ಕೊಂಡವರೆಲ್ಲ ಅದನ್ನು ಬಾಗಿಲಲ್ಲಿಟ್ಟು, ನಮ್ಮದನ್ನೂ ಕದಿಯಪ್ಪ ಅಂತ ಗೂಳಪ್ಪನನ್ನು ಕರೆದರು. ನಮ್ಮನ್ನೂ ಕದಿ, ಚೀಲದೊಳಗಿಂದ ಕೇಳಿದರೂ ಸಾಕು ಅಂದರು. ಗೂಳಪ್ಪನ ಮನೆ ಮುಂದೆ ಸಾಲು ನಿಂತಿತು. ಹೊತ್ತು ಹೊತ್ತು ಅವನ ಸೊಂಟ ಬಿದ್ದುಹೋಯಿತು. ದುಡಿದು ತಿನ್ನುವ ಕೆಲಸವೇ ವಾಸಿ ಅನ್ನಿಸಿತು ಅವನಿಗೆ.

ಸಾಲಿನ ಕೊನೆಯಲ್ಲಿ ರಾಜನೂ ನಿಂತಿದ್ದ. ರುಮಾಲು ಸುತ್ತುವುದು ಹೇಗೆ ಅನ್ನುವ ತಟ್ಟೆ ಕೊಂಡಿದ್ದ ಅವನು. ಸಿಪಾಯಿ ಮುಗಿಸುವಷ್ಟರಲ್ಲಿ ದಿನಾ ಮಂತ್ರಿಗೆ ಸೀನು, ಸೀನಿಗೂ ಮೊದಲಿಂದ. ಮೂರು ವರ್ಷದಿಂದ ರಾಜನ ತಲೆಯ ಮೇಲೆ ಅರ್ಧ ರುಮಾಲು, ಉಳಿದರ್ಧ ಬೀದಿಯಲ್ಲಿ ಎಳೆಯುತ್ತಿತ್ತು. ಗೂಳಪ್ಪ ರಾಜನನ್ನು ಎತ್ತಿ ನೋಡಿದ, ಆಗಲಿಲ್ಲ. ನಿಮ್ಮನ್ನು ಕದಿಯೋಕಾಗಲ್ಲ ಬುದ್ಧಿ, ತೂಕ ಜಾಸ್ತಿ ಅಂದ.

ರಾಜನಿಗೆ ಅವಮಾನವಾಯಿತು. ಅವಮಾನವಾದ ಮೇಲೆ ನ್ಯಾಯ ನೆನಪಾಯಿತು. ಇಷ್ಟು ಜನರನ್ನು ಕದ್ದಿದ್ದೀಯಲ್ಲ, ಕದಿಯುವುದು ತಪ್ಪಲ್ಲವೇ ಅಂತ ಗದರಿದ.

ಗೂಳಪ್ಪ ಬೆರಗಾಗಿ ನಿಂತ. "ತಪ್ಪಾ ಬುದ್ಧಿ? ನಂಗೆ ಯಾರೂ ಯೋಳೇ ಇಲ್ವಲ್ಲ."

ತಟ್ಟೆಯೊಳಗಿನ ಸಿಪಾಯಿಯನ್ನು ಕೇಳಿದರೆ ಅವನೂ ಹೌದು ಅಂದ. ಕದಿಯದವರಿಗೆಲ್ಲ ಹೇಳಿದ್ದೇನೆ, ಕದ್ದವನಿಗೆ ಹೇಳಲು ಅಪ್ಪಣೆ ಇಲ್ಲ ಅಂದ. ರಾಜ ಬಹಳ ಯೋಚಿಸಿ ತೀರ್ಪು ಕೊಟ್ಟ, ಗೂಳಪ್ಪ ಒಂದು ತಟ್ಟೆ ಕೊಳ್ಳತಕ್ಕದ್ದು. ಕದಿಯದೆ ಅವನದು ಅಂತ ಇದ್ದದ್ದು ಅವನ ಮೀಸೆ ಒಂದೇ. ಮೀಸೆ ಕೊಟ್ಟು ತಟ್ಟೆ ತಂದ.

ಎಚ್ಚರಿಕೆಯನ್ನು ಮನಸ್ಸಿಟ್ಟು ಕೇಳಿದವನು ಪ್ರಪಂಚದಲ್ಲಿ ಗೂಳಪ್ಪ ಒಬ್ಬನೇ. ಅವನಿಗೆ ಎಲ್ಲವೂ ಹೊಸದು. ಎತ್ತಿಗೆ ಹುಲ್ಲು ಹಾಕುವ ಕಡೆ ಬಂದಾಗ ಕಣ್ಣೀರು ಹಾಕಿದ. ಆವತ್ತೇ ಕಳ್ಳತನ ಬಿಟ್ಟ. ಕದ್ದ ತಟ್ಟೆಗಳನ್ನೂ ಜನರನ್ನೂ ಹೊತ್ತುಕೊಂಡು ಅವರವರ ಮನೆಗೆ ಇಳಿಸಿಬಂದ. ಬೇಡ ಅಂತ ಅವರು ಎಷ್ಟು ಬೈದರೂ ಕೇಳಲಿಲ್ಲ. ಊರಿಗೆ ಇದ್ದವನು ಒಬ್ಬನೇ ಕಳ್ಳ, ಅವನೂ ಹೀಗೆ ಕೆಟ್ಟುಹೋದ.

ಚಿಕ್ಕತಾಯಮ್ಮ ಮತ್ತೆ ತನ್ನ ಮನೆಯಲ್ಲಿ, ತನ್ನ ಮಣೆಯ ಮೇಲೆ. ಒಲೆಯ ಮೇಲೆ ಬೇಳೆ. ಎದುರಿಗೆ ಸಿಪಾಯಿ. ಅವಳಿಗೆ ಅಳು ಬಂತು. ಕೋಳಿಯೂ ಹೋಯಿತು, ಕಳ್ಳನೂ ಹೋದ, ಆ ಮನುಷ್ಯ ಒಳಗೆ ಹುಡುಕುತ್ತಲೇ ಇದ್ದಾನಲ್ಲ ಅಂತ ಸಂಕಟವಾಯಿತು. ಕಣ್ಣೊರೆಸಿಕೊಂಡು ಮೊದಲ ಸಲ ಸಿಪಾಯಿಯ ಮುಖವನ್ನೇ ನೋಡಿದಳು. ಕಾಲು ನೋಯುತ್ತಿದ್ದವನ ಹಾಗಿದ್ದ.

ಊಟ ಆಯಿತಾ ಅಂತ ಕೇಳಿದಳು. ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊದಲಿಂದ ಹೇಳುವುದು ಬಿಟ್ಟು ಇಲ್ಲ ಅಂದ. ಎಷ್ಟು ವರ್ಷದಿಂದ ನಿಂತಿದ್ದೀಯಪ್ಪ ಅಂದಳು. ತಟ್ಟೆ ಹುಟ್ಟಿದಾಗಿನಿಂದ ಅಂದ.

"ಹಿಂದುಗಡೆ ಕುದುರೆ ಕುಣಿಯೋದು ನೋಡಿದ್ದೀಯಾ?"

"ಸದ್ದು ಕೇಳಿದ್ದೇನೆ," ಅಂದ ಸಿಪಾಯಿ ಸಣ್ಣ ದನಿಯಲ್ಲಿ. "ತಟ್ಟೆಯೊಳಗೆ ಇರುವಷ್ಟು ಹೊತ್ತೂ ಬೆನ್ನು ಆ ಕಡೆ ಇರಬೇಕೆಂದು ಅಪ್ಪಣೆ. ಜನ ಯಾಕೆ ನಗುತ್ತಾರೋ ಗೊತ್ತಿಲ್ಲ."

"ನಿಂತು ಹೇಳಬೇಕು ಅಂತ ಅಪ್ಪಣೆ ಐತಾ?"

ಸಿಪಾಯಿ ಬೆರಳು ಮಡಿಸಿ ಮಡಿಸಿ ನೆನಪಿಸಿಕೊಂಡ. ಕೊಂಡವರ ಹತ್ತಿರ ಹೇಳಬೇಕು ಅಂತ ಇತ್ತು. ನಿಂತು ಅಂತ ಇರಲಿಲ್ಲ. ಹಾಗಾದರೆ ಹತ್ತಿರ ಬಾ, ಕೂತು ಹೇಳು ಅಂತ ಮುದುಕಿ ಮಣೆಯ ಮೇಲೆ ಪಕ್ಕಕ್ಕೆ ಸರಿದಳು. ಅವನು ತಟ್ಟೆಯ ಅಂಚು ದಾಟಿ ಇಳಿದು ಬಂದ. ಅವನು ಕೂತನಲ್ಲ ಅಂತ ಹಲ್ಲುಪುಡಿಯವಳೂ ಬಂದಳು, ಎಣ್ಣೆಯವನೂ ಬಂದ, ತಟ್ಟೆ ತೋರಿಸುವವನೂ ಬಂದ. ತಟ್ಟೆಯಲ್ಲಿ ಅಡ್ಡ ನಿಲ್ಲುವವರು ಯಾರೂ ಉಳಿಯಲಿಲ್ಲ. ಕುದುರೆ ಬಂತು.

"ಈ ತಟ್ಟೆಯನ್ನು ಕದ್ದವರು," ಅಂತ ಶುರು ಮಾಡಿದ ಸಿಪಾಯಿ, ಮುಂಗಾಲು ಪೂರ್ವಕ್ಕೆ ಹೋಯಿತು, "ಕದಿಯಲು ಯೋಚಿಸಿದವರು," ಹಿಂಗಾಲು ಪಶ್ಚಿಮಕ್ಕೆ ಹೋಯಿತು. ಕುದುರೆ ನಡುವೆ ಹರಿದು ಮೇಲೆ ಕೂತಿದ್ದ ನಾಟಕದ ರಾಜಕುಮಾರ ಧೊಪ್ಪನೆ ಬಿದ್ದ. ಸಿಪಾಯಿಗೆ ಮುಂದಿನ ಮಾತು ಮರೆತುಹೋಯಿತು. ನಕ್ಕೂ ನಕ್ಕೂ ಕೋಲು ಕೈಬಿಟ್ಟ.

ಕೊನೆಗೆ ಬಟ್ಟೆ ಮೇಲೆದ್ದಿತು. ಜವರಯ್ಯನ ಮುಖ ಹೊರಗೆ ಬಂತು, ಬೆವರಿನಲ್ಲಿ ಮಿಂದು. ಹುಬ್ಬಿನ ಮೇಲೆ ಕೈಯಿಟ್ಟು ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ನೇರಕ್ಕೆ ನೋಡಿದ. ನೇರಕ್ಕೆ ಚಿಕ್ಕತಾಯಮ್ಮ ಕೂತಿದ್ದಳು.

"ನೋಡ್ದೆ ಕಣ್ರೀ," ಅಂದಳು ಅವಳು. "ಚೆನ್ನಾಗಿತ್ತು."

ಅಷ್ಟು ಹೊತ್ತಿಗೆ ಸಿಪಾಯಿಗೆ ಏನೋ ವಾಸನೆ ಬಡಿಯಿತು. ತಿರುಗಿ ನೋಡಿ, ಜನ್ಮದಲ್ಲೇ ಮೊದಲ ಸಲ ಉಪಯೋಗಕ್ಕೆ ಬರುವ ಮಾತೊಂದನ್ನು ಹೇಳಿದ.

"ಎಚ್ಚರಿಕೆ ಅಮ್ಮಾ. ಬೇಳೆ ಉಕ್ಕುತ್ತಿದೆ."

"ಉಕ್ಲಿ ಬುಡು," ಅಂದಳು ಚಿಕ್ಕತಾಯಮ್ಮ. "ಮೊದಲಿಂದ ಇನ್ನೊಂದು ಸಲ ನೋಡಾನ."

ಈ ಕತೆಯ ನೀತಿ ಏನಪ್ಪ ಅಂದರೆ, ನಿಮಗೆ ಎಚ್ಚರಿಕೆ ಹೇಳಲು ಬಂದವರಿಗೆ ಮೊದಲು ಮಣೆ ಹಾಕಿ. ಆ ಬೇಳೆ ಉಕ್ಕಿ ಒಲೆ ಆರಿತು, ನನ್ನ ಕತೆಯೂ ಆರಿತು. ಇದನ್ನು ಕದ್ದುಕೊಂಡು ಹೋಗಿ ಬೇರೆಯವರಿಗೆ ಹೇಳುವವರು ಧಾರಾಳವಾಗಿ ಹೇಳಿ, ನಾನೇನೂ ಅಂದುಕೊಳ್ಳುವುದಿಲ್ಲ.