ಬೀದಿಯುದ್ದದ ಹಾಸು

"ಗುರುಗಳೇ, ಇರುವ ಜಾಗವನ್ನೇ ಇಲ್ಲ ಎನ್ನುವುದು ಯಾವ ನ್ಯಾಯ?" ಎಂದು ತಿಪ್ಪೇಶ ಕೇಳಿದ.

ಅವನು ಕಣ್ಣು ಪರೀಕ್ಷಿಸುವ ಯಂತ್ರವೊಂದಕ್ಕೆ ಪ್ರೋಗ್ರಾಮು ಬರೆಯುತ್ತಿದ್ದ. ಅದರ ಕ್ಯಾಮೆರಾ ಒಂದು ಚಿತ್ರ ತೆಗೆಯಬೇಕಾದರೂ ಮೆಮೊರಿಯಲ್ಲಿ ಎಲ್ಲೂ ತುಂಡಾಗದ ಉದ್ದನೆಯ ಜಾಗ ಬೇಕು. ಜಾಗ ಹಂಚುವುದು ಕರ್ನಲ್ ಎಂಬ ಮೂಲ ಪ್ರೋಗ್ರಾಮಿನ ಕೆಲಸ. ಅಲ್ಲಿ ಇಲ್ಲಿ ಖಾಲಿ ಬಿದ್ದದ್ದನ್ನು ಕೂಡಿಸಿದರೆ ಹತ್ತು ಚಿತ್ರಕ್ಕೆ ಸಾಲುವಷ್ಟಿತ್ತು. ಕ್ಯಾಮೆರಾಕ್ಕೆಂದೇ ಕರ್ನಲ್ ಮೊದಲೇ ಒಂದು ಜಾಗ ಗೊತ್ತುಮಾಡಿಯೂ ಇತ್ತು; ಅದು ಬಿಡುವಾಗಿದ್ದಾಗ ಬೇರೆ ಪ್ರೋಗ್ರಾಮುಗಳಿಗೆ ಎರವಲು ಕೊಡುತ್ತಿತ್ತು. ಆದರೂ ಕ್ಯಾಮೆರಾ ಕೇಳಿದಾಗಲೆಲ್ಲ ಇಲ್ಲ ಎನ್ನುತ್ತಿತ್ತು. ಮರುದಿನ ನೇತ್ರ ಶಿಬಿರ. ಕ್ಯಾಮೆರಾ ತೆರೆಯದಿದ್ದರೆ ದೂರದಿಂದ ಬಂದ ಮುದುಕರು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಬೇಕು. ತಿಪ್ಪೇಶನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಬೀದಿಯಿತ್ತು. ಸೀರೆಯ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸನ್ನು ಗಂಜಿಯಲ್ಲಿ ಅದ್ದಿ, ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ ಒಣಗಿಸಬೇಕು. ಮಡಚಿಟ್ಟರೆ ಎಳೆಗೆ ಎಳೆ ಅಂಟಿ ನೂಲೆಲ್ಲ ಹಾಳು. ಅದಕ್ಕೇ ಹಿರಿಯರು ಊರು ಕಟ್ಟುವಾಗಲೇ ಹಾಸನ್ನು ಅಳೆದು, ಅಷ್ಟುದ್ದ ಬೀದಿಯನ್ನು ನೇರವಾಗಿ ಬಿಟ್ಟಿದ್ದರು.

ಆದರೆ ಒಣಗಿಸಲು ಹಾಸು ದಿನವೂ ಬರುತ್ತಿರಲಿಲ್ಲ. ಬೀದಿ ವಾರಗಟ್ಟಲೆ ಬರಿದೇ ಬಿದ್ದಿರುತ್ತಿತ್ತು. ತಾನೂ ತಿನ್ನ, ಪರರಿಗೂ ಕೊಡ ಎಂಬಂತಾಯಿತೆಂದು ಹೆಂಗಸರು ಗೊಣಗಿದರು. ಮಾತು ಸರಿಯೇ ಇತ್ತು. ಹಿರಿಯರು ಒಪ್ಪಿ ಒಂದು ಕಟ್ಟಳೆ ಮಾಡಿದರು. ಬೀದಿ ಬರಿದಿದ್ದಾಗ ಹಪ್ಪಳ ಒಣಗಿಸಿಕೊಳ್ಳಿ, ಮಂಚ ಹಾಕಿಕೊಳ್ಳಿ, ಕರು ಕಟ್ಟಿಕೊಳ್ಳಿ. ಹಾಸು ಬಂತು ಎಂದು ಕೂಗು ಕೇಳಿದೊಡನೆ ಎತ್ತಿಕೊಳ್ಳಿ. ಎತ್ತಲಾಗದ್ದನ್ನು ಮಾತ್ರ ಬೀದಿಗೆ ತರಬೇಡಿ.

ಎಲ್ಲರೂ ಸುಖವಾಗಿದ್ದರು.

ಆ ಬೀದಿಯಲ್ಲಿ ಒಬ್ಬ ಗಾಣಿಗನಿದ್ದ. ಬಹಳ ಒಳ್ಳೆಯವನು. ದಾರಿಹೋಕರು ಬಿಸಿಲಿಗೆ ಬಾಡುವುದನ್ನು ಕಂಡು ಮರುಗಿ, ಬೀದಿಯ ನಡುವೆ ನಾಲ್ಕು ಕಂಬ ನೆಟ್ಟು, ಗರಿ ಹೊದಿಸಿ ಅರವಟ್ಟಿಗೆ ಮಾಡಿದ. ಬಂದವರಿಗೆಲ್ಲ ತಾನೇ ನೀರು ಕೊಟ್ಟ. ಬೀದಿಯವರೂ ಕುಡಿದರು, ಹೊಗಳಿದರು. ನೀರು ಕೊಡುವವನಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಹತ್ತನೆಯ ದಿನ ಒಬ್ಬ ನೇಕಾರ ಹಾಸು ಹೊತ್ತು ತಂದ. ಅದರಲ್ಲಿ ಅವನ ಮನೆಯ ಎರಡು ತಿಂಗಳ ದುಡಿಮೆಯಿತ್ತು. ಕೂಗು ಕೇಳಿ ಹಪ್ಪಳ ಎದ್ದವು, ಮಂಚ ಎದ್ದವು, ಕರುವೂ ಒಳಗೆ ಹೋಯಿತು. ಕಂಬ ಏಳಲಿಲ್ಲ. ಬಿಸಿಲು ಏರುತ್ತಿತ್ತು, ಗಂಜಿ ಬಿಗಿಯುತ್ತಿತ್ತು.

ಗಾಣಿಗನೆಂದ: "ನಾನು ಹಿಡಿದದ್ದು ನಾಲ್ಕು ಮಾರು ಜಾಗ ತಾನೆ? ಆ ಕಡೆ ಅರ್ಧ, ಈ ಕಡೆ ಅರ್ಧ ಚಾಚಿಕೊಳ್ಳಪ್ಪ."

"ನಿನ್ನ ನೀರು ಕುಡಿದವನೇ ನಾನು, ಅಣ್ಣ. ಆದರೆ ಹಾಸನ್ನ ನಡುವೆ ಕತ್ತರಿಸಿದರೆ ಅದರಲ್ಲಿ ಸೀರೆ ಹುಟ್ಟುತ್ತಾ?" ಎಂದ ನೇಕಾರ.

ಗಾಣಿಗ ಒಮ್ಮೆ ಬೀದಿಯುದ್ದಕ್ಕೂ ನೋಡಿದ. ಎಲ್ಲ ಕಡೆ ಜಾಗವಿತ್ತು, ಹಾಸು ಚಾಚಲು ಬೇಕಾದ ಜಾಗವೊಂದೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು. ತಾನೇ ಹಾರೆ ತಂದು ಕಂಬ ಕಿತ್ತ. ನೇಕಾರ ಓಡೋಡಿ ಹಾಸು ಎಳೆದು ಕಟ್ಟಿದ. ಎಳೆಗಳು ಒಂದೊಂದೂ ಬಿಡಿಬಿಡಿಯಾಗಿ ಒಣಗಿದವು. ಮಾರನೆಯ ದಿನದಿಂದ ಗಾಣಿಗ ನೀರಿನ ಗಡಿಗೆಯನ್ನು ಗಾಡಿಯ ಮೇಲಿಟ್ಟುಕೊಂಡ. ಕೂಗು ಕೇಳಿದರೆ ತಳ್ಳಿಕೊಂಡು ಪಕ್ಕದ ಓಣಿಗೆ ಹೋಗಿ ಅಲ್ಲಿ ಕೊಡುತ್ತಿದ್ದ. ನೀರಿನ ರುಚಿಯೇನೂ ಕೆಡಲಿಲ್ಲ.

ಕತೆ ಮುಗಿಯಿತು. ತಿಪ್ಪೇಶನ ಮುಖ ಅರಳಿತು. "ತಿಳಿಯಿತು ಗುರುಗಳೇ. ಕ್ಯಾಮೆರಾದ ಜಾಗದಲ್ಲಿ ಯಾರೋ ಕಂಬ ನೆಟ್ಟಿದ್ದಾರೆ. ಈಗಲೇ ಹೋಗಿ ಒಬ್ಬೊಬ್ಬರ ಪ್ರೋಗ್ರಾಮನ್ನೂ ಜಾಲಾಡುತ್ತೇನೆ. ಯಾರಿಂದ ಶುರು ಮಾಡಲಿ?"

ಗುರುಗಳೆಂದರು: "ಈ ಮಾಹಿತಿಯನ್ನು ಇಟ್ಟ ಜಾಗದಿಂದ ಯಾರೂ ಅಲುಗಿಸಬಾರದು ಎಂದು ನಿನ್ನ ಪ್ರೋಗ್ರಾಮಿನಲ್ಲಿ ನೀನೇ ಅಕ್ಕರೆಯಿಂದ ಬರೆದ ಸಾಲಿನಿಂದ, ತಮ್ಮಾ."

ತಿಪ್ಪೇಶ ತನ್ನದೇ ಪ್ರೋಗ್ರಾಮು ತೆರೆದು ಆ ಸಾಲನ್ನು ಹುಡುಕತೊಡಗಿದ.