ಕೆಸರು ಹಿಮಕ್ಕೆ ಎಂಥ ಹಲಗೆ

"ಗುರುಗಳೇ, ಅಣ್ಣನ ಕಡೆಯವರು ಬಂದು ಕರೆದು ಹೋದಾಗಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಹೀಗೆ ಕದಡಿದ ಮನಸ್ಸಿಗೆ ಜಪ ಒಳ್ಳೆಯದೋ, ಧ್ಯಾನ ಒಳ್ಳೆಯದೋ, ಇಲ್ಲ ಸುಮ್ಮನೆ ಮಠದ ಕೆಲಸ ಮಾಡಿಕೊಂಡಿರುವುದು ಒಳ್ಳೆಯದೋ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಅವನು ಅಣ್ಣನ ಜೊತೆ ಜಗಳವಾಡಿ ಮನೆ ಬಿಟ್ಟು ಬಂದವನು. ಈಗ ಆ ಅಣ್ಣ ಹಾಸಿಗೆ ಹಿಡಿದಿದ್ದ. ಗುರುಗಳಿಗೆ ಎಲ್ಲ ಗೊತ್ತಿತ್ತು. ಆದರೂ ಆ ಮಾತು ಎತ್ತದೆ ಒಂದು ಕತೆ ಹೇಳಿದರು.

ನಾನು ಉತ್ತರದ ಕಡೆ ತಿರುಗಾಡುತ್ತಿದ್ದಾಗ ಕೇಳಿದ್ದು ಇದು. ಅಲ್ಲಿ ಬೆಟ್ಟವೆಲ್ಲ ಹಿಮ. ಜನ ಎರಡು ಕಾಲಿಗೂ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಊರಿಂದೂರಿಗೆ ಹೋಗುತ್ತಾರೆ. ಈಗಿನವರು ಅದಕ್ಕೆ ಸ್ಕೀ ಅನ್ನುತ್ತಾರಂತೆ. ಏನಾದರೂ ಅನ್ನಲಿ, ನಮಗೆ ಹಲಗೆ ಸಾಕು.

ಅಲ್ಲಿ ಒಬ್ಬ ರೈತನಿದ್ದ. ಬೆಟ್ಟದ ಆಚೆ ಊರಿನಲ್ಲಿ ಅವನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಯಾವುದೋ ಮದುವೆಯಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದರು. ವರ್ಷಗಳು ಹಾಗೇ ಕಳೆದವು. ಒಂದು ವಸಂತದಲ್ಲಿ ಅಕ್ಕನ ಊರಿನಿಂದ ಸುದ್ದಿ ಬಂತು. ಅವಳು ಹೆಚ್ಚು ದಿನ ಉಳಿಯುವುದಿಲ್ಲ, ತಮ್ಮನನ್ನು ನೋಡಬೇಕು ಅನ್ನುತ್ತಿದ್ದಾಳೆ ಎಂದು. ರೈತ ಅತ್ತ. ಆಮೇಲೆ ಹಲಗೆ ಕೊಳ್ಳಲು ಹೊರಟ.

ಅವನಲ್ಲಿ ಹಳೆಯ ಹಲಗೆ ಇತ್ತು. ಆದರೆ ಅದು ಚಳಿಗಾಲದ್ದು. ಚಳಿಗಾಲದ ಹಿಮ ಹಿಟ್ಟಿನ ಹಾಗೆ ಒಣಗಿರುತ್ತದೆ. ವಸಂತ ಬಂತೆಂದರೆ ಅದರ ಗುಣವೇ ಬೇರೆ. ಬೆಳಗಿನ ಜಾವ ಕಲ್ಲಿನಷ್ಟು ಗಟ್ಟಿ. ಬಿಸಿಲೇರಿದರೆ ನೀರು ಕುಡಿದು, ಭಾರವಾಗಿ, ಕೆಸರಾಗಿ ಕಾಲು ಹಿಡಿಯುತ್ತದೆ.

ಹಲಗೆ ಮಾರುವ ವ್ಯಾಪಾರಿ ಹೇಳಿದ: "ಕೆಸರು ಹಿಮಕ್ಕೆ ಅಗಲ ಹಲಗೆ ತಗೋ. ಅದು ಹೂತುಕೊಳ್ಳುವುದಿಲ್ಲ. ಮೂತಿ ಸ್ವಲ್ಪ ಮೇಲೆದ್ದಿರಲಿ. ಹಲಗೆಯ ತಳಕ್ಕೆ ಮೇಣ ತಿಕ್ಕು, ಇಲ್ಲದಿದ್ದರೆ ಹಿಮ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ. ಬೆಳಿಗ್ಗೆ ಬೇಗ ಹೊರಡುವುದಾದರೆ ಇದೇನೂ ಬೇಡ ಮಾರಾಯ, ನಿನ್ನ ಹಳೆಯದೇ ಸಾಕು."

ರೈತ ಅಗಲ ಹಲಗೆಯನ್ನು ಎತ್ತಿ ನೋಡಿದ. ಭಾರ ಅನ್ನಿಸಿತು. ಒಬ್ಬ ಬೇಟೆಗಾರನನ್ನು ಕೇಳಿದ. ಅಗಲವಾದದ್ದು ಬೇಗ ತಿರುಗುವುದಿಲ್ಲ, ಕಿರಿದಾದದ್ದೇ ತಗೋ ಎಂದ ಅವನು. ಒಬ್ಬ ಕುರಿಗಾಹಿಯನ್ನು ಕೇಳಿದ. ಕಿರಿದಾದದ್ದು ಮೊಣಕಾಲವರೆಗೆ ಇಳಿಯುತ್ತದೆ, ಹಗುರವಾದದ್ದನ್ನು ಗಡ್ಡೆಗಟ್ಟಿದ ಹಿಮ ಎತ್ತಿ ಒಗೆಯುತ್ತದೆ ಎಂದ ಇವನು. ಬಾಗುವ ಹಲಗೆ ಇರಲಿ ಎಂದು ಒಬ್ಬ, ಬಾಗಿದರೆ ಕೆಟ್ಟೆ ಎಂದು ಇನ್ನೊಬ್ಬ. ಯಾರೂ ಸುಳ್ಳು ಹೇಳಲಿಲ್ಲ. ಬೇಟೆಗಾರ ನಸುಕಿನಲ್ಲಿ ಹೋಗುವವನು, ಕುರಿಗಾಹಿ ಬಿಸಿಲಲ್ಲಿ ಹೋಗುವವನು. ಅವರವರ ಹಿಮ ಅವರವರಿಗೆ ಗೊತ್ತಿತ್ತು.

ರೈತನ ತಲೆ ಕೆಟ್ಟು ಹೋಯಿತು. ಅವನು ನಾಟಕ ಆಡುತ್ತಿರಲಿಲ್ಲ, ಚೆನ್ನವೀರ. ಪಾಪ, ಅವನಿಗೆ ನಿಜವಾಗಿಯೂ ಏನೂ ತೋಚಲಿಲ್ಲ. ಊಟಕ್ಕೆ ಕೂತರೂ ಹಲಗೆ, ಮಲಗಿದರೂ ಹಲಗೆ. ಅಕ್ಕನ ಮುಖ ನೆನಪಾಗಿ ಸಂಕಟವಾದ ಕೂಡಲೇ ಇನ್ನೊಂದು ಹಲಗೆ ಕಣ್ಣ ಮುಂದೆ ಬರುತ್ತಿತ್ತು. ಆಗ ಅವನಿಗೆ ಸ್ವಲ್ಪ ಹಾಯೆನಿಸುತ್ತಿತ್ತು.

ಹೀಗೆ ಮೀನಮೇಷ ಎಣಿಸುತ್ತಾ ದಿನವೂ ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಬಂದು ಕೂರುತ್ತಿದ್ದ. ಎದುರಿಗಿದ್ದ ಹಿಮ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಬೆಳಿಗ್ಗೆ ಮಾತ್ರ ಒಂದು ದಿನವೂ ಬೇಗ ಏಳಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಸೊಂಟದವರೆಗೂ ಒದ್ದೆಯಾಗಿದ್ದಳು. ಅವಳ ಕಾಲಿನಲ್ಲಿದ್ದದ್ದು ಒಂದು ಜೋಡಿಯೂ ಅಲ್ಲ. ಒಂದು ಅಗಲ ಹಲಗೆ, ಒಂದು ಕಿರಿದು. ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಬಂದಿದ್ದಳು. ಅವಳು ಅಕ್ಕನ ನೆರೆಮನೆಯವಳು.

"ನಿನ್ನಕ್ಕ ಹೋಗಿಬಿಟ್ಟಳಪ್ಪ. ಕೊನೆಯವರೆಗೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಮಲಗಿದ್ದಳು" ಎಂದಳು.

ರೈತ ಏನಾದರೂ ಆಡಬೇಕೆಂದು ಬಾಯಿ ತೆರೆದ. ಬಂದದ್ದು ಈ ಮಾತು: "ಈ ಹಲಗೆಯಲ್ಲಿ ಈ ಹಿಮ ಹೇಗೆ ದಾಟಿದೆಯಮ್ಮ?"

"ಬಿದ್ದೆ, ಎದ್ದೆ, ಬಂದೆ" ಎಂದಳು ಅವಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನ ಗೊಂದಲ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ.

"ಒಂದು ತಿಳಿಯಲಿಲ್ಲ ಗುರುಗಳೇ. ಹಾಗಾದರೆ ಆ ಹಿಮಕ್ಕೆ ಸರಿಯಾದ ಹಲಗೆ ಯಾವುದು?"

"ಅಗಲವಾದದ್ದು. ವ್ಯಾಪಾರಿ ಮೊದಲ ದಿನವೇ ಹೇಳಿದ್ದನಲ್ಲ" ಎಂದರು ಗುರುಗಳು.

ಚೆನ್ನವೀರ ಮತ್ತೇನೋ ಕೇಳಲು ಬಾಯಿ ತೆರೆದ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಅಣ್ಣನ ಊರಿನ ದಾರಿಯಲ್ಲಿ ಹಿಮ ಬಿದ್ದಿಲ್ಲ, ಚೆನ್ನವೀರ."