ಅರಸರ ಗರಡಿ ಕೋಣೆಯ ಬಣ್ಣ

ರಿಟೈರ್ ಆದ ಮೇಲೆ ನಂಜರಾಜ ಅರಸರಿಗೆ ಮೈ ಬೆಳೆಸುವ ಹುಚ್ಚು ಹಿಡಿಯಿತು. ಮೈಸೂರಿನ ಮನೆಯ ಹಿಂದಿನ ಕೋಣೆಯನ್ನೇ ಗರಡಿ ಮಾಡಿಕೊಂಡರು. ಪೇಂಟರನ್ನು ಕರೆಸಿ, "ನೋಡಯ್ಯ, ಬಣ್ಣ ಕಂಡ್ರೆ ಹುಲಿ ಥರ ಹುಮ್ಮಸ್ಸು ಬರಬೇಕು. ಹಾಗೇ ಮನಸ್ಸೂ ತಣ್ಣಗಿರಬೇಕು. ನಾನು ಒಪ್ಪೋ ತನಕ ನಿನ್ನ ಬಿಡೋನಲ್ಲ" ಎಂದರು.

ಪೇಂಟರಿಗೆ ತಲೆಬುಡ ತಿಳಿಯಲಿಲ್ಲ. ಗರಡಿಯಲ್ಲವೇ ಎಂದು ಕೆಮ್ಮಣ್ಣಿನ ಬಣ್ಣ ಬಳಿದ. "ಕಣ್ಣು ಉರಿಯುತ್ತೆ" ಎಂದರು. ನೀಲಿ ಬಳಿದ. "ನಿದ್ದೆ ಬರುತ್ತೆ" ಎಂದರು. ಹಳದಿ ಕಂಡರೆ ಹಸಿವಾಗುತ್ತದಂತೆ! ವಾರ ಕಳೆಯುವಷ್ಟರಲ್ಲಿ ಗೋಡೆ ತೇಪೆ ಹಾಕಿದ ಕೌದಿಯಾಯಿತು. ಯಾವುದನ್ನು ಯಾಕೆ ಬಳಿದೆ ಎಂಬುದು ಅವನಿಗೇ ಮರೆತುಹೋಯಿತು.

ಕೊನೆಗೆ ಕೈಮುಗಿದು, "ಬುದ್ಧೀ, ಸುಮ್ನೆ ನಿಂತು ನೋಡಿದ್ರೆ ಹೆಂಗೆ ಗೊತ್ತಾಯ್ತದೆ? ಒಂದೊಂದು ಬಣ್ಣದ ಮುಂದೆ ನಿಂತು ಬಸ್ಕಿ ಹೊಡೀತಾ ನೋಡಿ" ಎಂದ.

ಅರಸರು ಮೀಸೆ ತಿರುವಿ ಶುರುಮಾಡಿದರು. ಕೆಂಪು ದಾಟಿ ನೀಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾ ಚಾಪೆಯ ಮೇಲೆ ಅಂಗಾತ ಬಿದ್ದರು.

ಪೇಂಟರ್ ಟವೆಲ್ಲಿನಿಂದ ಗಾಳಿ ಬೀಸುತ್ತಾ ಕೇಳಿದ: "ಈಗ ಯಾವ ಬಣ್ಣ ಕಾಣ್ತದೆ ಬುದ್ಧೀ?"

ಅರಸರು ಚಾವಣಿಯನ್ನೇ ದಿಟ್ಟಿಸಿದರು. "ಬಿಳೀದು... ಹಳೇ ಸುಣ್ಣ."

"ಇನ್ಮೇಲೆ ನೀವು ದಿನಾ ನೋಡೋದು ಅದನ್ನೇಯ. ಗೋಡೆಗೆ ಯಾವುದು ಬಳೀಲಿ?"

"ಯಾವುದಾದ್ರೂ ಬಳಿಯಯ್ಯ, ಮೊದಲು ನನ್ನ ಎಬ್ಬಿಸು!"